ವಿಜಯಪುರದ ಬಿಸಿಲು, 150 ರೂಪಾಯಿಯ ಐಸ್ ಗಡ್ಡೆ

ಮೊದಲು ಈ ಗಡ್ಡೆ ನೋಡಿ. ಫ್ಯಾಕ್ಟರಿಯಿಂದ ಹೊರಟಾಗ ಒಂದು ಮೊಳ ಇತ್ತು. ಈಗ ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇದಕ್ಕೆ 150 ರೂಪಾಯಿ! ಹೋದ ತಿಂಗಳು 100 ಇತ್ತು. ಸರಿ, ಬೇಸಿಗೆ, ಕೊಡೋಣ. ಗೋಣಿಚೀಲ ಕೇಳಿದರೆ ಅದಕ್ಕೆ ಬೇರೆ 20. ಕಟ್ಟಿಗೆ ಹೊಟ್ಟು ಇದೆಯಾ ಅಂದರೆ ಇಲ್ಲವಂತೆ. ಐಸ್ ಮಾರುವವರ ಹತ್ತಿರ ಹೊಟ್ಟು ಇಲ್ಲ ಅಂದರೆ ಹೇಗೆ ಹೇಳಿ? ಗೋಳಗುಮ್ಮಟದ ಹತ್ತಿರ ಆಟೊ ಸಿಕ್ಕಿಹಾಕಿಕೊಂಡಿತು, ಕಾಲಡಿ ನೀರೋ ನೀರು. ಗುಮ್ಮಟ ಕಂಡಾಗಲೆಲ್ಲ ಮೇಲೆ ಹತ್ತಿ ಒಮ್ಮೆ ಕೂಗಬೇಕು ಅನಿಸುತ್ತದೆ. ಇರಲಿ, ಅದು ಇನ್ನೊಂದು ದಿನ.

ಪೂರ್ತಿ ಕರಗಲಿಲ್ಲ ಯಾಕೆ ಗೊತ್ತಾ? ಒಂದು ಗ್ರಾಂ ಐಸ್ ನೀರಾಗಲು 334 ಜೂಲ್ ಶಾಖ ಬೇಕು. ಅಷ್ಟರಲ್ಲಿ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು.

ಹತ್ತಿರ ತೋರಿಸುತ್ತೇನೆ. ಅಂಚು ಗಾಜಿನ ಹಾಗೆ, ನಡುವೆ ಬೆಳ್ಳಗೆ. ಹೊರಗಿನಿಂದ ಗಟ್ಟಿಯಾಗುತ್ತಾ ಬಂದಾಗ ನೀರೊಳಗಿನ ಗಾಳಿ ನಡುವೆ ಸಿಕ್ಕಿಕೊಂಡಿದೆ.

ಐಸ್ ಅಂದರೆ ಒಳಗೆ ಎಲ್ಲ ಸಾಲಾಗಿ ಇರುತ್ತದೆ, ನೋಡಲು ಏನೂ ಇಲ್ಲ ಅಂದುಕೊಂಡಿದ್ದೆ. ತಪ್ಪು. ಆಮ್ಲಜನಕದ ಪರಮಾಣುಗಳೇನೋ ಸಾಲಾಗಿವೆ, ಒಂದೊಂದಕ್ಕೂ ನಾಲ್ಕು ನೆರೆ. ಹೈಡ್ರೋಜನ್ ಹಾಗಲ್ಲ. ಪ್ರತಿ ಆಮ್ಲಜನಕಕ್ಕೆ ಎರಡು ಹೈಡ್ರೋಜನ್ ಹತ್ತಿರ, ಎರಡು ದೂರ. ಯಾವ ಎರಡು ಅನ್ನುವುದಕ್ಕೆ ಕ್ರಮವೇ ಇಲ್ಲ. ಈ ಗೊಂದಲ ಎಷ್ಟು ಅಂತ 1935ರಲ್ಲಿ ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ ಲೆಕ್ಕ ಹಾಕಿದರು. 1936ರಲ್ಲಿ ಜಿಯೋಕ್ ಮತ್ತು ಸ್ಟೌಟ್ ಅನ್ನುವ ವಿಜ್ಞಾನಿಗಳು 15 ಕೆಲ್ವಿನ್‌ನಿಂದ, ಅಂದರೆ ಸುಮಾರು ಮೈನಸ್ 258 ಡಿಗ್ರಿಯಿಂದ ಹಿಡಿದು, ಐಸ್ ಬಿಸಿಯಾಗಲು ಎಷ್ಟು ಶಾಖ ಬೇಕು ಅಂತ ಅಳೆದು, ಅದರಿಂದ ಈ ಗೊಂದಲ ಎಷ್ಟು ಅಂತ ಕಂಡುಕೊಂಡರು. ಎರಡೂ ಹೊಂದಿದವು! ನನಗೆ ಮೈ ಜುಮ್ ಅಂದಿತು.

ಇನ್ನೂ ತಣ್ಣಗೆ ಮಾಡಿದರೆ ಸಾಲಾಗಬೇಕು ಅಲ್ವಾ? ಆಗುವುದಿಲ್ಲ. ಅಷ್ಟು ಚಳಿಯಲ್ಲಿ ಅಣುಗಳಿಗೆ ತಿರುಗಲು ಆಗದೆ, ಹೇಗಿದ್ದವೋ ಹಾಗೇ ಉಳಿದುಬಿಡುತ್ತವೆ. ಅವು ತಿರುಗಲು ಅನುಕೂಲವಾಗಲಿ ಅಂತ ನೀರಿಗೆ ಚೂರು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ ಬೆರೆಸಿ ಐಸ್ ಮಾಡಿದರೆ, 72 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಮೈನಸ್ 201 ಡಿಗ್ರಿಯ ಆಚೆ, ಸಾಲಾಗತೊಡಗುತ್ತವೆ. ಅದಕ್ಕೆ ಐಸ್ ಹನ್ನೊಂದು ಅಂತ ಹೆಸರು. ದ್ರವ ನೈಟ್ರೋಜನ್ ತಂದು ತೋರಿಸೋಣ ಅಂದುಕೊಂಡಿದ್ದೆ, ಅದು ಕುದಿಯುವುದು ಮೈನಸ್ 196ಕ್ಕೆ. ಐದು ಡಿಗ್ರಿ ಕಡಿಮೆ ಬಿತ್ತು!

ಅವ್ವ ಕಲ್ಲಂಗಡಿ ಹಿಡಿದು ನಿಂತಿದ್ದಾಳೆ, ಇದರ ಮೇಲೆ ಇಡಬೇಕಂತೆ. ಬಂದೆ ಅವ್ವ! ಅಯ್ಯೋ, ನೀರು ಟ್ರೈಪಾಡ್ ಹತ್ತಿರ ಬಂತು. ಕ್ಯಾಮೆರಾ ಎತ್ತುತ್ತೇನೆ.