ಹಕ್ಕಿ ಯಾರ್ದು, ಹುಣಸೆ ಮರ ಯಾರ್ದು

ಎಲ್ರಿಗೂ ನಮಸ್ಕಾರ. ಪೋಸ್ಟರ್‌ನಲ್ಲಿ 'ಮಾನವ ಮತ್ತು ಪ್ರಕೃತಿ' ಅಂತ ಹಾಕ್ಬಿಟ್ಟಿದೀರ, ಅಷ್ಟು ದೊಡ್ಡ ವಿಷ್ಯ ನನ್ ಕೈಲಿ ಆಗಲ್ಲ, ಒಂದೂರಿನ ಕಥೆ ಹೇಳ್ತೀನಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ಬೆಂಗಳೂರಿಂದ ಹತ್ರತ್ರ 80 ಕಿಲೋಮೀಟರ್, ನಿಮ್ಮಲ್ಲಿ ಸುಮಾರು ಜನ ಹೋಗಿ ಫೋಟೋ ಹೊಡ್ಕೊಂಡು ಬಂದಿರ್ತೀರ.

ರಂಗನತಿಟ್ಟಲ್ಲಿ ಹಕ್ಕಿಗೆ ಅಂತ ನಡುಗಡ್ಡೆ ಇದೆ, ನಾವು ದೋಣೀಲಿ ಕೂತು ದೂರದಿಂದ ನೋಡ್ತೀವಿ. ಇಲ್ಲಿ ಹಂಗಲ್ಲ, ಹಿತ್ತಲ ಹುಣಸೆ ಮರದಲ್ಲೇ ಹೆಜ್ಜಾರ್ಲೆ (ಅದೇ ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ತವೆ, ಕೆಳಗೆ ದನ ಕಟ್ಟಿರ್ತಾರೆ, ಮೇಲಿಂದ ಹಿಕ್ಕೆ ಬೀಳ್ತಾನೇ ಇರುತ್ತೆ, ಮೀನಿನ ವಾಸನೆ ಅಂತೂ ಕೇಳ್ಬೇಡಿ. ಹಿಂದೆ ಪ್ಲೇಗ್ ಬಂದು ಜನ ಹಳೇ ಊರು ಬಿಟ್ಟಾಗ ಹಕ್ಕಿಗಳೂ ಹಿಂದೇನೇ ಬಂದ್ವು ಅಂತ ಊರವ್ರು ಹೇಳ್ತಾರೆ. ಹೊರಗೆ ಹೆಸರಾಗಿದ್ದು 1976ರಿಂದೀಚೆಗೆ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ.

ನಾನು ಅಲ್ಲಿ ಮೊದಲ್ನೇ ಸಲ ಭಾಷಣ ಮಾಡಕ್ಕೆ ಹೋದಾಗ ಲ್ಯಾಪ್‌ಟಾಪು ಸ್ಲೈಡು ಎಲ್ಲಾ ಹೊತ್ಕೊಂಡು ಹೋಗಿದ್ದೆ, ಜೀವವೈವಿಧ್ಯ ಅಂತೆಲ್ಲಾ ಅರ್ಧ ಗಂಟೆ ಕುಯ್ದೆ. ಒಬ್ಬ ಅಜ್ಜಿ ಕೇಳ್ತು, 'ಅಲ್ಲ ಕಣಪ್ಪ, ತವರ್ಗೆ ಬಾಣಂತನಕ್ಕೆ ಬಂದಿರೋ ಹೆಣ್ಮಕ್ಳನ್ನ ನೋಡ್ಕೊಳೋದ ನಮ್ಗೇ ಹೇಳ್ಕೊಡಕ್ಕೆ ಬಂದಿದೀಯಾ?' ಸ್ಲೈಡ್ ಇನ್ನೂ ಇಪ್ಪತ್ತಿತ್ತು. ಆಫ್ ಮಾಡ್ದೆ.

ಹಂಗಂತ ಬರೀ ಪ್ರೀತಿ ಅಂದ್ಕೋಬೇಡಿ, ಅಲ್ಲಿ ಲೆಕ್ಕಾನೂ ಇತ್ತು. ಮರದ ಕೆಳಗೆ ಗುಂಡಿ ತೋಡಿ ಕೆರೆ ಗೋಡು, ಅಂದ್ರೆ ಹೂಳು, ಹಾಕೋರು, ಮೇಲಿಂದ ಹಿಕ್ಕೆ ಬಿದ್ದು ಬಿದ್ದು ಒಳ್ಳೇ ಗೊಬ್ಬರ ಆಗೋದು, ಹೊಲಕ್ಕೆ ಹೋಗೋದು. ಯೂರಿಯಾ ಚೀಲ ಅಂಗಡೀಲಿ ಸಿಗಕ್ಕೆ ಶುರುವಾದ್ಮೇಲೆ ಆ ಗುಂಡಿಗೆ ಏನ್ ಬೆಲೆ? ನಂಟು ಸಡಿಲ ಆಗಿದ್ದು ಅಲ್ಲೇ ಅಂತ ನಂಗನ್ಸುತ್ತೆ. ಇನ್ನು ಹುಣಸೆ ಹಣ್ಣು ಉದುರ್ಸೋ ಕಾಲಕ್ಕೇ ಗೂಡಲ್ಲಿ ಮರಿ ಇರ್ತವೆ, ಮರ ಹತ್ತೋ ಹಂಗಿಲ್ಲ, ಫಸಲು ಹೋಯ್ತು. ಅದಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡಕ್ಕೆ ಶುರು ಮಾಡ್ತು. ಕೊಡ್ಲೇಬೇಕು, ನಾನು ಬೇಡ ಅನ್ನಲ್ಲ, ಆದ್ರೆ ದುಡ್ಡು ಬಂದ್ಮೇಲೆ ಮಾತು ಬದಲಾಯ್ತು, 'ನಮ್ ಹಕ್ಕಿ' ಅಂತಿದ್ದೋರ ಬಾಯಲ್ಲೇ 'ಫಾರೆಸ್ಟ್‌ನೋರ ಹಕ್ಕಿ' ಅಂತ ಕೇಳಿದೀನಿ, ತವರಿನ ಮಗಳು ಹೋಗಿ ಬಾಡಿಗೆದಾರಳಾದ್ಲು.

ಆದ್ರೂ ಅಲ್ಲಿನ ಹುಡುಗರು ಹೆಜ್ಜಾರ್ಲೆ ಬಳಗ ಅಂತ ಕಟ್ಕೊಂಡು, ಗೂಡಿಂದ ಬಿದ್ದ ಮರಿಗಳನ್ನ ಬೇಲಿ ಒಳಗಿಟ್ಟು ಮೀನು ತಿನ್ಸಿ ದೊಡ್ಡದು ಮಾಡಿ ಬಿಡ್ತಾರೆ. ಇವ್ರ ಮುಂದೆ ನಮ್ ಭಾಷಣ ಯಾವ್ ಲೆಕ್ಕ ಹೇಳಿ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ, ಅಂದ್ರೆ ಊರವ್ರೂ ಸೇರಿ ಕಾಯೋ ಜಾಗ, ಅಂತ ಘೋಷಣೆನೂ ಆಯ್ತು. ಅದಾಗಿ ಹತ್ತು ವರ್ಷಕ್ಕೆ, 2017ರ ಕೊನೆಗೆ, ಹೆಜ್ಜಾರ್ಲೆಗಳು ಒಂದಾದ್ಮೇಲೊಂದು ಸಾಯಕ್ಕೆ ಶುರುವಾದ್ವು, ಕೊಯ್ದು ನೋಡಿದ್ರೆ ಹೊಟ್ಟೇಲಿ ಹುಳ, ಹುಳ ಬರೋದು ತಿನ್ನೋ ಮೀನಿಂದ. ಮರ ಊರಲ್ಲಿದೆ ಸರಿ, ಮೀನು ಶಿಂಷಾ ನದೀದು, ಸುತ್ತಲ ಕೆರೆಗಳದು, ಅಲ್ಲಿಗೆ ಮೇಲಿಂದ ಏನೇನ್ ಹರ್ಕೊಂಡು ಬರುತ್ತೋ ಅದನ್ನ ಬೆಳ್ಳೂರಿನ ಅಜ್ಜಿ ಹೆಂಗ್ ತಡೀತಾಳೆ?

ಕೊನೇದಾಗಿ ಒಂದು ಹೇಳ್ಬಿಡ್ತೀನಿ. ಮಗಳ ಮದ್ವೆಗೆ ಅಂತ ಗೂಡಿದ್ದ ಹುಣಸೆ ಮರ ಮಾರಿದ ಒಬ್ರು ನನ್ ಮುಂದೆ ತಲೆ ತಗ್ಗಿಸ್ಕೊಂಡು ನಿಂತಿದ್ರು, ಬೈತಾನೆ ಇವ್ನು ಅಂತ ಕಾಯ್ತಾ. ನಾನೇನ್ ಬೈಲಿ? ಅದರ ಹಿಂದಿನ ತಿಂಗಳಷ್ಟೇ, ಕಾರ್ ಮೇಲೆ ಕಾಗೆ ಗಲೀಜು ಮಾಡುತ್ತೆ ಅಂತ ಮನೆ ಮುಂದಿನ ಹೊಂಗೆ ಮರದ ಕೊಂಬೆ ಕಡಿಸಿದ್ದೆ. ಅದ್ರಲ್ಲೂ ಗೂಡಿತ್ತು.

ಸರಿ, ಏನಾದ್ರೂ ಕೇಳೋದಿದ್ರೆ ಕೇಳಿ.