ಸಣ್ಣ ಅನುಮಾನವನ್ನೂ ಬರೆದಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಯಲಹಂಕದ ಕಡೆ ಈಗ ಇಂಟರ್‌ನ್ಯಾಷನಲ್ ಸ್ಕೂಲುಗಳು ಬಹಳ. ಮಗುವನ್ನು ಸೇರಿಸಲು ಹೋದ ಅಪ್ಪ ಅಮ್ಮನಿಗೆ ಗೇಟಿನ ಗಾರ್ಡು, ಕಾರಿಡಾರಿನ ಸಿಸಿಟಿವಿ, ಬಸ್ಸಿನ ಜಿಪಿಎಸ್ ಎಲ್ಲ ತೋರಿಸುತ್ತಾರೆ. ಅವು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅವೆಲ್ಲ ಹೆಚ್ಚಾಗಿ ಹೊರಗಿನವರನ್ನು ತಡೆಯಲು ಇರುವಂಥವು. ಶಾಲೆಯೇ ಸಂಬಳ ಕೊಟ್ಟು, ಬ್ಯಾಡ್ಜ್ ಹಾಕಿ ಒಳಗೆ ಕರೆದುಕೊಂಡವರಲ್ಲೇ ಯಾರಾದರೂ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರೆ ಏನು ಮಾಡುತ್ತೀರಿ ಅಂತ ಕೇಳುವವರು ಕಡಿಮೆ.

ವಿಲಿಯಂ ವೇಹಿ ಅಂತ ಒಬ್ಬ ಅಮೆರಿಕದ ಮೇಷ್ಟ್ರು. 1969ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದಿದ್ದ. ಆಮೇಲೆ ದೇಶ ಬಿಟ್ಟು, ಸುಮಾರು 40 ವರ್ಷ 9 ದೇಶಗಳ ಇಂಟರ್‌ನ್ಯಾಷನಲ್ ಸ್ಕೂಲುಗಳಲ್ಲಿ ಪಾಠ ಮಾಡಿದ. ಅವುಗಳಲ್ಲಿ ಕೆಲವು: ಇರಾನ್, ಸ್ಪೇನ್, ಸೌದಿ, ಇಂಡೋನೇಷ್ಯಾ, ವೆನೆಜುವೆಲಾ, ಬ್ರಿಟನ್ನಿನ ಲಂಡನ್, ಕೊನೆಗೆ ನಿಕರಾಗುವಾ. ಮಕ್ಕಳಿಗೂ ಪೋಷಕರಿಗೂ ಅಚ್ಚುಮೆಚ್ಚಿನವನು. ಟೂರಿಗೆ ಹುಡುಗರನ್ನು ಕರೆದುಕೊಂಡು ಹೋಗುವವನು. ಅವನ ಮನೆಯಲ್ಲಿ ಕೆಲಸಕ್ಕಿದ್ದವರೊಬ್ಬರು ಒಂದು ಪೆನ್‌ಡ್ರೈವ್ ಕದ್ದೊಯ್ದು, ಅದು ಶಾಲೆಯವರ ಕೈಗೆ ಸಿಕ್ಕಿದ ಮೇಲೆಯೇ ಎಲ್ಲ ಹೊರಬಿತ್ತು. ಅದರಲ್ಲಿ ಕನಿಷ್ಠ 90 ಹುಡುಗರ ಚಿತ್ರಗಳಿದ್ದವು ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿತು. ಹೆಚ್ಚಿನವರು 12ರಿಂದ 14 ವರ್ಷದವರು. 2014ರ ಮಾರ್ಚ್‌ನಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ, ಹಾಗಾಗಿ ಕೋರ್ಟಿನ ಮುಂದೆ ನಿಲ್ಲಲೇ ಇಲ್ಲ. ಆ ವರ್ಷವೇ ಇಂಥ ಶಾಲೆಗಳ ಸಂಸ್ಥೆಗಳೆಲ್ಲ ಸೇರಿ ಮಕ್ಕಳ ರಕ್ಷಣೆಗೆಂದು ಒಂದು ಟಾಸ್ಕ್ ಫೋರ್ಸ್ ಮಾಡಿಕೊಂಡವು.

ಈ ಪ್ರಕರಣದಲ್ಲಿ ನನ್ನನ್ನು ತುಂಬ ಕಾಡುವ ವಿಷಯ ಒಂದಿದೆ. ಅವನು ಹುಡುಗರಿಗೆ ಬಿಸ್ಕೆಟ್ಟಿನಲ್ಲಿ ನಿದ್ದೆ ಮಾತ್ರೆ ಸೇರಿಸಿ ಕೊಡುತ್ತಿದ್ದ. ಮಲಗಿದ್ದ ಮಗುವಿಗೆ ಏನಾಯಿತು ಅಂತಲೇ ಗೊತ್ತಿಲ್ಲ. ನಾವು ಗುಡ್ ಟಚ್, ಬ್ಯಾಡ್ ಟಚ್ ಹೇಳಿಕೊಡುತ್ತೇವೆ, ಏನಾದರೂ ಆದರೆ ಬಂದು ಹೇಳು ಅನ್ನುತ್ತೇವೆ, ಒಳ್ಳೆಯದೇ. ಆದರೆ ಆ ಮಕ್ಕಳು ಏನಂತ ಹೇಳಬೇಕಿತ್ತು? ಕಾಯುವ ಕೆಲಸವನ್ನು ಮಗುವಿನ ತಲೆ ಮೇಲೆ ಹೊರಿಸಿ ನಾವು ದೊಡ್ಡವರು ನಿರಾಳ ಆಗುವಂತಿಲ್ಲ. ನೋಡಬೇಕಾದವರು, ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕಾದವರು ನಾವು.

ನೋಡಿದವರು ಇರುತ್ತಾರೆ, ಅಲ್ವಾ? ಒಬ್ಬ ಸರ್ ಒಂದೇ ಮಗುವಿಗೆ ಚಾಕೊಲೇಟ್ ಕೊಡುವುದನ್ನು ಆಯಾ ನೋಡಿರುತ್ತಾರೆ. ಅದೇ ಸರ್ ಬಾಗಿಲು ಹಾಕಿಕೊಂಡು ಒಬ್ಬನಿಗೇ ಎಕ್ಸ್‌ಟ್ರಾ ಕ್ಲಾಸ್ ಮಾಡುವುದು ಪಕ್ಕದ ಟೀಚರ್ ಕಣ್ಣಿಗೆ ಬಿದ್ದಿರುತ್ತದೆ. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಮೆಸೇಜ್ ಬಂದಿದ್ದು ಅಮ್ಮನಿಗೆ ಗೊತ್ತಿರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಇದ್ಯಾವುದೂ ಅಪರಾಧವಲ್ಲ. ಸುಮ್ನೆ ಯಾಕೆ ಒಬ್ಬರ ಹೆಸರು ಕೆಡಿಸುವುದು ಅಂತ ಮೂವರೂ ಸುಮ್ಮನಾಗುತ್ತಾರೆ. ಮೂರೂ ಒಂದೇ ಪುಸ್ತಕದಲ್ಲಿ, ಒಂದರ ಕೆಳಗೊಂದು ಬರೆದಿದ್ದರೆ? ಇಂಥ ಸಣ್ಣಪುಟ್ಟ ಅನುಮಾನವನ್ನೇ ಶಾಲೆಗಳಲ್ಲಿ ಲೋ ಲೆವೆಲ್ ಕನ್ಸರ್ನ್ ಅನ್ನುತ್ತಾರೆ. ಇಂಗ್ಲೆಂಡ್ ಸರ್ಕಾರ ತನ್ನ ಶಾಲೆಗಳಿಗೆ ಕೊಡುವ ಮಾರ್ಗಸೂಚಿಯಲ್ಲಿ 2021ರಿಂದ ಇದಕ್ಕೇ ಒಂದು ಭಾಗವಿದೆ. ಬರೆದಿಟ್ಟರೆ ಯಾರನ್ನೂ ಅಪರಾಧಿ ಅಂದಂತೆ ಆಗುವುದಿಲ್ಲ. ತಪ್ಪಿಲ್ಲದ ಮೇಷ್ಟ್ರಿಗೂ ಇದರಿಂದ ಒಳ್ಳೆಯದು, ಬಾಗಿಲು ತೆಗೆದಿಟ್ಟು ಪಾಠ ಮಾಡಿ ಅಂತ ಮೊದಲೇ ಹೇಳಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ.

ಹೇಗೆ ಬರೆಯಬೇಕು ಅನ್ನುವುದೂ ಮುಖ್ಯ. 'ಶಿಕ್ಷಕರ ವರ್ತನೆ ಸರಿಯಿರಲಿಲ್ಲ' ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. 'ಮಂಗಳವಾರ, ಮಧ್ಯಾಹ್ನ 2.40, ಸ್ವಿಮ್ಮಿಂಗ್ ಪೂಲ್ ಪಕ್ಕದ ಬಟ್ಟೆ ಬದಲಿಸುವ ರೂಮು. ಮಗು ಹೇಳಿದ್ದು: ಸರ್ ನನ್ನ ಟವೆಲ್ ಕೊಡಲಿಲ್ಲ, ಇದು ಗೇಮ್ ಅಂದ್ರು.' ಹೀಗಿರಬೇಕು. ಮಗುವಿನ ಮಾತು ಮಗುವಿನ ಮಾತಲ್ಲೇ. ಮಗು ಹೇಳುವಾಗ ನಡುವೆ ಬಾಯಿ ಹಾಕಿ, ಅವರು ಹಾಗೆ ಮಾಡಿದರಾ, ಹೀಗೆ ಮಾಡಿದರಾ ಅಂತ ನಾವೇ ಉತ್ತರ ಹೇಳಿಕೊಡಬಾರದು. ಯಾರಿಗೂ ಹೇಳಲ್ಲ ಪುಟ್ಟ ಅಂತ ಆಣೆ ಇಡಲೂಬಾರದು, ಯಾಕೆಂದರೆ ಹೇಳಲೇಬೇಕಾಗುತ್ತದೆ.

ಬಸ್ಸಿನ ಆಯಾಗಳ ವಿಷಯಕ್ಕೆ ಬರುತ್ತೇನೆ. ದಿನಾ ಹಿಂದಿನ ಸೀಟಿಗೆ ಓಡುತ್ತಿದ್ದ ಹುಡುಗಿ ಈ ವಾರ ಬ್ಯಾಗನ್ನು ಎದೆಗೆ ಅವುಚಿಕೊಂಡು ಮುಂದಿನ ಸೀಟಿನಲ್ಲೇ ಕೂರುತ್ತಾಳೆ, ಒಂದು ನಿರ್ದಿಷ್ಟ ದಿನ ಮಾತ್ರ ಶಾಲೆ ಬಂದರೂ ಇಳಿಯಲು ಹಿಂಜರಿಯುತ್ತಾಳೆ. ಇದು ಪ್ರಿನ್ಸಿಪಾಲರಿಗಿಂತ ಮೊದಲು ಆಯಾಗೆ ಗೊತ್ತಾಗುತ್ತದೆ. ಆದರೆ ಟ್ರೈನಿಂಗ್ ನಡೆಯುವುದು ಇಂಗ್ಲಿಷಿನಲ್ಲಿ, ಎಸಿ ಹಾಲಿನಲ್ಲಿ, ಸ್ಲೈಡ್ ತೋರಿಸಿ. ಆಯಾ ಹಿಂದೆ ಕೂತು ಸಹಿ ಹಾಕಿ ಬರುತ್ತಾರೆ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಆಯಾ, ಡ್ರೈವರ್, ಗಾರ್ಡ್ ಇವರಿಗೆ ಕನ್ನಡದಲ್ಲೋ, ತಮಿಳಿನಲ್ಲೋ, ಹಿಂದಿಯಲ್ಲೋ, ಅವರು ಮಾತಾಡುವ ಭಾಷೆಯಲ್ಲೇ ಹೇಳಿಕೊಡಬೇಕು. ಬರೆಯಲು ಬಾರದಿದ್ದರೆ ಅವರು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಳ್ಳಬೇಕು.

ಕಾನೂನು ನಮ್ಮಲ್ಲಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಇಂಟರ್‌ನ್ಯಾಷನಲ್ ಸ್ಕೂಲಿಗೂ ಒಂದೇ, ಹಳ್ಳಿಯ ಸರ್ಕಾರಿ ಶಾಲೆಗೂ ಒಂದೇ. ಅದೇ ಕಾಯ್ದೆಯ 2020ರ ನಿಯಮಗಳ ಪ್ರಕಾರ ಟೀಚರ್ ಇರಲಿ, ಗುತ್ತಿಗೆ ಕೆಲಸದವರಿರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲ ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಆಗಾಗ ಆಗಬೇಕು. ಲೈಂಗಿಕ ಅಪರಾಧ ನಡೆದಿದ್ದು ಗೊತ್ತಾದರೆ, ನಡೆಯಬಹುದು ಅನ್ನುವ ಆತಂಕವಿದ್ದರೂ, ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಮೊದಲು ನಾವೇ ಒಳಗೊಳಗೆ ಎನ್‌ಕ್ವೈರಿ ಮಾಡುತ್ತೇವೆ, ಟ್ರಸ್ಟಿಗಳು ಊರಿಂದ ಬರಲಿ, ಆಮೇಲೆ ನೋಡೋಣ ಅನ್ನುವುದಕ್ಕೆ ಜಾಗವಿಲ್ಲ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಆಯಾಗಳಿಗೆ ಇದನ್ನು ಬಿಡಿಸಿ ಹೇಳಬೇಕು, ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಅವರಿಗೇ ಜಾಸ್ತಿ.

ಅಪ್ಪ ಅಮ್ಮನ ಹೆದರಿಕೆ ಬೇರೆ. ಮಗುವನ್ನು ಸ್ಟೇಷನ್ನಿಗೆ ಅಲೆದಾಡಿಸುತ್ತಾರೆ, ಪೇಪರಿನಲ್ಲಿ ಬರುತ್ತದೆ, ನಾಳೆ ಜನ ಏನಂದಾರು ಅಂತ. ಕಾನೂನು ಏನು ಹೇಳುತ್ತದೆ ಕೇಳಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಇಲ್ಲವೇ ಮಗು ಇಷ್ಟಪಟ್ಟ ಜಾಗದಲ್ಲಿ ತೆಗೆದುಕೊಳ್ಳಬೇಕು. ಸಾಧ್ಯವಾದ ಮಟ್ಟಿಗೆ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಬರಬೇಕು, ಖಾಕಿ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೋರ್ಟಿನಲ್ಲಿ ಹೇಳಿಕೆ ಕೊಡುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಮಗುವಿನ ಹೆಸರು, ಫೋಟೋ, ಮನೆ ವಿಳಾಸ, ಶಾಲೆಯ ಹೆಸರು, ಇದ್ಯಾವುದನ್ನೂ ಮಾಧ್ಯಮಗಳು ಹಾಕುವಂತಿಲ್ಲ. ಇದರಲ್ಲಿ ಯಾವುದಾದರೂ ತಪ್ಪಿದರೆ ಕಾಯ್ದೆಯಲ್ಲಿ ಹೀಗಿದೆ ಅಂತ ಅಲ್ಲೇ ಕೇಳಿ, ಕೇಳುವ ಹಕ್ಕು ನಿಮಗಿದೆ.

ಮುಂದಿನ ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಮಾರ್ಕ್ಸ್ ವಿಚಾರಿಸಿದ ಮೇಲೆ ಐದು ನಿಮಿಷ ಹೆಚ್ಚಿಗೆ ಕೂತುಕೊಳ್ಳಿ. ಇಲ್ಲಿ ಮಕ್ಕಳ ರಕ್ಷಣೆ ಜವಾಬ್ದಾರಿ ಯಾರದು, ಅವರ ಫೋನ್ ನಂಬರ್ ಏನು, ಸಣ್ಣಪುಟ್ಟ ಅನುಮಾನಗಳನ್ನು ಎಲ್ಲಿ ಬರೆದಿಡುತ್ತೀರಿ, ನಮ್ಮ ಬಸ್ಸಿನ ಆಯಾಗೆ ಯಾವ ಭಾಷೆಯಲ್ಲಿ ಟ್ರೈನಿಂಗ್ ಕೊಟ್ಟಿರಿ ಅಂತ ಕೇಳಿ. ತುರ್ತು ಇದ್ದರೆ ಯಾರನ್ನೂ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ನಮಸ್ಕಾರ.