ನೀರು ಕಮ್ಮಿ ಆದ್ರೇನೇ ರುಚಿ, ಬೇಕಾದ್ರೆ ಬೈಕೊಳ್ಳಿ

ನಮಸ್ಕಾರ. ತೀರ್ಥಹಳ್ಳಿ ಕಡೆಯಿಂದ, ನಮ್ಮನೆ ಮೆತ್ತಿಯಿಂದ ಮಾತಾಡ್ತಿದೀನಿ. ಬೆಳಿಗ್ಗೆಯಿಂದ ಮಳೆ ಬಿಟ್ಟು ಸ್ವಲ್ಪ ಹೊಳವಾಗಿದೆ. ಮರ ಹತ್ತೋ ಕೊನೆಗೌಡ ಬಂದು ಅಡಿಕೆಗೆ ಎರಡನೇ ಔಷಧಿ ಹೊಡೆದು ಹೋದ. ಮಳೆ ಶುರುವಾಗೋದ್ರೊಳಗೆ ರೆಕಾರ್ಡಿಂಗ್ ಮುಗಿಸ್ಬೇಕು, ಇಲ್ಲಾಂದ್ರೆ ಈ ತಗಡಿನ ಶೀಟಿನ ಕೆಳಗೆ ನನ್ನ ಮಾತು ನನಗೇ ಕೇಳಲ್ಲ.

ಇವತ್ತು ಬೇರೆ ವಿಷಯ ಇಟ್ಕೊಂಡಿದ್ದೆ. ಆದ್ರೆ ಒಂದು ಕಾಮೆಂಟು ನನ್ನ ನಿದ್ದೆ ಕೆಡಿಸಿದೆ. ಹೋದ ವಾರ ಅಮೆರಿಕದ ಅರಿಜೋನಾದ ವೈನ್ ಟೇಸ್ಟಿಂಗ್ ವಿಡಿಯೋ ಹಾಕಿದ್ನಲ್ಲ, ಅದರ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದಾನೆ: "ಕಳ್ಳಿ ಬೆಳೆಯೋ ಜಾಗದಲ್ಲೇ ಇಷ್ಟು ಒಳ್ಳೆ ವೈನ್ ಆಗೋದಾದ್ರೆ, ನಮ್ಮ ಆಗುಂಬೆ ಮಳೆಗೆ ಇನ್ನೆಂಥ ವೈನ್ ಆಗ್ಬೇಕು ಅಣ್ಣಾ!" ಅದಕ್ಕೆ 300 ಲೈಕು. ನನ್ನ ವಿಡಿಯೋಗೇ ಬಂದಿದ್ದು 210.

ಮಾರಾಯ್ರೆ, ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ವೈನ್ ಚೆನ್ನಾಗಿರೋದೇ ಮಳೆ ಇಲ್ಲ ಅನ್ನೋ ಕಾರಣಕ್ಕೆ. ನೀರು ಕಮ್ಮಿ ಆದ್ರೆ ರುಚಿ ಜಾಸ್ತಿ. ಇಷ್ಟೇ ಇವತ್ತಿನ ವಿಡಿಯೋ. ಆದ್ರೂ ಪೂರ್ತಿ ನೋಡಿ.

ಆ ಸಂಜೆ ಹೇಗಿತ್ತು ಹೇಳ್ತೀನಿ. ಅಕ್ಕ, ಭಾವ ಇರೋದು ಫೀನಿಕ್ಸ್‌ನಲ್ಲಿ. ಜೂನ್ ಮೊದಲ ವಾರ ಅವರ ಜೊತೆ ಟೂಸಾನ್ ದಾಟಿ ವಿಲ್ಕಾಕ್ಸ್ ಅನ್ನೋ ಊರಿಗೆ ಹೋದ್ವಿ, ಕಾರಲ್ಲಿ ಮೂರು ಗಂಟೆ. ಊರಿರೋದು 4,000 ಅಡಿ ಎತ್ತರದಲ್ಲಿ. ಸುತ್ತ ಗುಡ್ಡ, ನಡುವೆ ಬಯಲು. ನಮ್ಮ ಹುಲ್ಲಿನ ಬ್ಯಾಣ ಶಿವರಾತ್ರಿ ಹೊತ್ತಿಗೆ ಹೇಗೆ ಒಣಗಿರ್ತದೋ ಅದೇ ಬಣ್ಣ. ಮಳೆ ವರ್ಷಕ್ಕೆ ಹೆಚ್ಚುಕಮ್ಮಿ 300 ಮಿಲಿಮೀಟರ್. ಆಗುಂಬೆಯಲ್ಲಿ 7,000 ದಾಟ್ತದೆ. ಅಂದ್ರೆ ಅವರ ಒಂದು ವರ್ಷದ ಮಳೆ ನಮಗೆ ಆಷಾಢದ ಮೂರ್ನಾಲ್ಕು ದಿನ. ಅದಕ್ಕೂ ಅವರು 'ಮಾನ್ಸೂನ್' ಅಂತಾರೆ! ಜುಲೈಯಿಂದ ಸೆಪ್ಟೆಂಬರ್ ತನಕ ಮಾನ್ಸೂನಂತೆ. ನಾನು ನಕ್ಕಿದ್ದಕ್ಕೆ ಅಕ್ಕ ಮೇಜಿನಡಿ ಕಾಲು ತುಳಿದ್ಲು.

ಸಂಜೆ ಆರೂವರೆ. ಚಪ್ಪರದ ಕೆಳಗೆ ಕೂತಿದೀವಿ. ಬಳ್ಳಿ ಬುಡದಲ್ಲಿ ಕಪ್ಪು ಡ್ರಿಪ್ ಪೈಪು. ಒಂದು ಹನಿ ಬಿದ್ದು ಇನ್ನೊಂದು ಬೀಳೋದ್ರೊಳಗೆ ನಮ್ಮ ದೊಡ್ಡಪ್ಪ ಒಂದು ಎಲೆಅಡಿಕೆ ಕವಳ ಹಾಕಿ ಮುಗಿಸಬಹುದು. ಕಾಯಿ ಇನ್ನೂ ಹಸಿರು, ಬಟಾಣಿಯಷ್ಟು ಗಾತ್ರ. ಮುಟ್ಟಿದ್ರೆ ಕಲ್ಲು.

ಮೊದಲು ಬಂದಿದ್ದು ಬಿಳಿ ವೈನು, ಮಾಲ್ವಾಸಿಯಾ. ಲೋಟದ ತಳ ಮುಚ್ಚೋವಷ್ಟು ಹಾಕ್ತಾರೆ, ಅಷ್ಟೇ. ಮೂಗಿನ ಹತ್ರ ಹಿಡಿದ್ರೆ ಸುರಗಿ ಹೂವಿನ ದಂಡೆ. ನಾಲ್ಕನೇದು ಸಿರಾ ಅನ್ನೋ ದ್ರಾಕ್ಷಿಯದ್ದು, ಕಡುಗೆಂಪು. ಮೂಗು ಇಟ್ಟೆ ನೋಡಿ, ಅಲ್ಲೇ ತಡೆದೆ. ಕಾಳುಮೆಣಸು! ಅಂಗಳದಲ್ಲಿ ಚಾಪೆ ಮೇಲೆ ಮೆಣಸು ಹರವಿ, ಎರಡನೇ ದಿನ ಕಾಲಲ್ಲಿ ಕೆದಕ್ತೀವಲ್ಲ, ಆಗ ಏಳೋ ಘಾಟು. ಹತ್ತು ಸಾವಿರ ಮೈಲಿ ಆಚೆ ಕೂತ್ಕೊಂಡು ನಮ್ಮನೆ ಅಂಗಳದ ವಾಸನೆ! ಇದು ನನ್ನ ಕಲ್ಪನೆ ಅಲ್ಲ, ರೋಟಂಡೋನ್ ಅನ್ನೋ ವಸ್ತು ಸಿರಾದಲ್ಲೂ ಇರ್ತದೆ, ಕಾಳುಮೆಣಸಲ್ಲೂ ಇರ್ತದೆ.

ಭಾವ ಕಾರು ಓಡಿಸ್ಬೇಕಿತ್ತು, ಹಾಗಾಗಿ ಬಾಯಲ್ಲಾಡಿಸಿ ಬಕೆಟ್ಟಿಗೆ ಉಗಿದ್ರು. ಇದಕ್ಕೂ ಕಾಮೆಂಟು: "ದುಡ್ಡು ಕೊಟ್ಟು ಉಗಿಯೋದು ಎಂಥ ಶೋಕಿ." ಯಾರು ಕೇಳ್ತಿರೋದು ನೋಡಿ! ದಿನಕ್ಕೆ ಹತ್ತು ಕವಳ ಹಾಕಿ, ದುಡ್ಡು ಕೊಟ್ಟೇ ತಂದಿದ್ದನ್ನ ಅಂಗಳದ ದಾಸವಾಳದ ಬುಡಕ್ಕೆ ಉಗಿಯೋ ನಾವು.

ಇರ್ಲಿ. ಎಂಟೂವರೆಗೆ ಅಕ್ಕ ಶಾಲು ಹೊದ್ಲು. ಮಧ್ಯಾಹ್ನ 36 ಡಿಗ್ರಿ ಇತ್ತು, ಬೆಳಗಿನ ಜಾವಕ್ಕೆ 15ರ ಹತ್ರ ಇಳೀತದಂತೆ. ಗಾಳಿಯಲ್ಲಿ ಪಸೆ ಇಲ್ಲ, ಮೋಡದ ಹೊದಿಕೆ ಇಲ್ಲ, ನೆಲದ ಕಾವು ಸೀದಾ ಆಕಾಶಕ್ಕೆ. ಹಗಲು ಬಿಸಿಲಿಗೆ ಹಣ್ಣಲ್ಲಿ ಸಕ್ಕರೆ ಕಟ್ತದೆ, ರಾತ್ರಿ ತಂಪಿಗೆ ಹುಳಿ ಉಳೀತದೆ. ನೀರು ಕಮ್ಮಿ ಕೊಟ್ರೆ ಹಣ್ಣು ಸಣ್ಣದಾಗ್ತದೆ, ರಸಕ್ಕಿಂತ ಸಿಪ್ಪೆ ಪಾಲು ಜಾಸ್ತಿ. ಬಣ್ಣ, ಒಗರು, ಪರಿಮಳ ಹೆಚ್ಚಿನಂಶ ಕೂತಿರೋದು ಸಿಪ್ಪೆಯಲ್ಲಿ. ನೀರು ಸುರಿದ್ರೆ? ಬಳ್ಳಿ ಹಬ್ಬಿ ಎಲೆ ಬಿಡ್ತದೆ, ಹಣ್ಣು ಊದ್ತದೆ, ರುಚಿ ನೀರುನೀರು.

ನಮ್ಮ ದೊಡ್ಡಪ್ಪ ಬಚ್ಚಲಮನೆ ಪಕ್ಕ ದ್ರಾಕ್ಷಿ ನೆಟ್ಟಿದ್ರು. ಹನ್ನೊಂದು ವರ್ಷ ಚಪ್ಪರ ಹಾಕಿದ್ರು. ಬಂದಿದ್ದು ಒಟ್ಟು ಮೂರು ಗೊಂಚಲು, ಅದಕ್ಕೂ ಬೂಜು. ನೆರಳು ಮಾತ್ರ ಚೆನ್ನಾಗಿತ್ತು, ನಾಯಿ ಮಲಗ್ತಿತ್ತು. ನಮ್ಮ ರಾಜ್ಯದಲ್ಲಿ ದ್ರಾಕ್ಷಿ ಅಂದ್ರೆ ವಿಜಯಪುರ ಯಾಕೆ, ಮಳೆ ಸುರಿಯೋ ಹೊಸನಗರ ಯಾಕಲ್ಲ? ಹೇಳಿ!

ಕೊಡಗಲ್ಲಿ ವೈನ್ ಮಾಡಲ್ವಾ ಅಂತೀರಿ. ಮಾಡ್ತಾರೆ. ದ್ರಾಕ್ಷಿ ಎಲ್ಲಿಂದ ತಂದಿದ್ದು ಅಂತ ಕೇಳಿ ಬನ್ನಿ. ಶುಂಠಿ ವೈನು, ವೀಳ್ಯದೆಲೆ ವೈನು ಕುಡಿದಿದೀನಿ. ಕೆಮ್ಮಿಗೆ ಒಳ್ಳೇದು.

ಇನ್ನೊಬ್ಬ ಜಾಣ: "ಫ್ರಾನ್ಸಿನ ಬೋರ್ಡೋದಲ್ಲಿ ಮಳೆ ಬರಲ್ವಾ?" ಬರ್ತದೆ ರಾಜಾ, ಬರ್ತದೆ! ಅದಕ್ಕೇ ಅಲ್ಲೂ ಔಷಧಿ ಬೇಕಾಯ್ತು. ಇವತ್ತು ಬೆಳಿಗ್ಗೆ ನಮ್ಮ ತೋಟಕ್ಕೆ ಹೊಡೆದಿದ್ದು ಎಂತ? ಮೈಲುತುತ್ತ, ಸುಣ್ಣ. ಅದರ ಹೆಸರೇ ಬೋರ್ಡೋ. ಆ ಕಡೆ ದಾರಿ ಪಕ್ಕದ ದ್ರಾಕ್ಷಿ ಕದೀತಾರೆ ಅಂತ, ನೋಡಿದ್ರೆ ಹೇಸಿಗೆ ಆಗ್ಲಿ ಅಂತ ತೋಟದವರು ತುತ್ತ-ಸುಣ್ಣ ಎರಚ್ತಿದ್ರು. ಎರಚಿದ ಸಾಲಿಗೆ ಬೂಜು ಬಂದಿಲ್ಲ ಅನ್ನೋದು ಮಿಲಾರ್ಡೆ ಅನ್ನೋ ವಿಜ್ಞಾನಿ ಕಣ್ಣಿಗೆ ಬಿತ್ತು. 1885ರಲ್ಲಿ ಔಷಧಿ ಅಂತ ಪ್ರಕಟ ಆಯ್ತು. 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆ ರೋಗಕ್ಕೆ ಅದನ್ನೇ ಹೊಡೀರಿ ಅಂದ್ರು. ಅಂದ್ರೆ ನಿಮ್ಮ ಅಡಿಕೆ ಉಳಿಸ್ತಿರೋದು ದ್ರಾಕ್ಷಿ ಔಷಧಿ! ಮಳೆ ಅಷ್ಟೊಂದು ಅಮೃತ ಆಗಿದ್ರೆ ಕೊಳೆ ಯಾಕೆ ಬರ್ತದೆ ಸ್ವಾಮಿ?

ಅರಿಜೋನಾದಲ್ಲಿ ಕಷ್ಟ ಇಲ್ವಾ? ಇದೆ. ಚೈತ್ರದಲ್ಲಿ ಹಿಮ ಬಿದ್ದು ಚಿಗುರು ಸುಡ್ತದೆ, ಮಾನ್ಸೂನಲ್ಲಿ ಆಲಿಕಲ್ಲು ಬಿದ್ದು ಗೊಂಚಲು ಒಡೀತದೆ. ನೋಡಿ, ಅಲ್ಲೂ ಹಾಳು ಮಾಡೋದು ಮಳೆನೇ.

ಮಧ್ಯೆ ಒಂದು ಮಾತು. ನಮ್ಮನೆಯವಳು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಕೆಜಿ ಡಬ್ಬಿ ಇನ್ನು ಸ್ವಲ್ಪವೇ ಉಳಿದಿದೆ, ಲಿಂಕ್ ಕೆಳಗಿದೆ. ಹೊಳೆ ದಂಡೆ ಮರದ ಮಿಡಿ, ತೊಟ್ಟು ಮುರಿದ್ರೆ ಸೊನೆ ಘಮ್ ಅಂತದೆ. ಏನು? ...ಇವಳು ಬಾಗಿಲಲ್ಲಿ ನಿಂತು ಕೇಳ್ತಿದಾಳೆ, ಹೊಳೆ ದಂಡೇಲಿ ನೀರು ಕಮ್ಮಿ ಇತ್ತಾ ಅಂತ. ಅದು ಮಾವು ಕಣೇ, ಅದರ ವಿಷಯ ಬೇರೆ. ಇಲ್ಲ, ಎಡಿಟ್ ಮಾಡಲ್ಲ, ಇರ್ಲಿ.

ಎಲ್ಲಿದ್ದೆ? ಹಾಂ, ನೀರು ಕಮ್ಮಿ ಆದ್ರೆ ರುಚಿ. ದ್ರಾಕ್ಷಿಗಂತೂ ಹೌದು. ಕಾಫಿಗೂ ಹೌದು, ನೀರು ಕಾಫಿ ಯಾರಾದ್ರೂ ಕುಡೀತಾರಾ? ಸಾರಿಗೂ ಹೌದು. ಇನ್ನೂ ಕಾರಣ ಬರ್ಕೊಂಡಿದ್ದೆ, ಚೀಟಿ ಕಾಣ್ತಿಲ್ಲ. ಬೇಡ ಬಿಡಿ, ನಾನು ಕುಡಿದಿದೀನಿ, ನೀವು ಕುಡಿದಿಲ್ಲ! ಒಪ್ಪಲ್ಲ ಅನ್ನೋರು ಸಬ್‌ಸ್ಕ್ರೈಬ್ ಮಾಡಿ ಆಮೇಲೆ ಬೈರಿ. ಅಣ್ಣಾ ಅಂದವನೇ, ನಿನಗೇ ಹೇಳ್ತಿರೋದು, ಆಗುಂಬೆ ಮಳೆಗೆ...

ಅಯ್ಯೋ. ಕೇಳ್ತಿದೆಯಾ? ಶೀಟಿನ ಮೇಲೆ. ಬಂತು ನೋಡಿ. ಔಷಧಿ ಒಣಗಿತ್ತೇನೇ? ಕೆಳಗಿನ ಸಾಲಿಗೆ ಹೊಡೆದು ಇನ್ನೂ ಗಂಟೆ ಆಗಿಲ್ಲ, ಪೂರ್ತಿ ತೊಳೆದು ಹೋಗ್ತದೆ... ಏ, ಕೊನೆಗೌಡನಿಗೆ ಫೋನ್ ಹಚ್ಚು, ಮೈಕ್ ನಾನು ಆಫ್ ಮಾಡ್ತೀನಿ.